ಕಡಲಿಲ್ಲದ ರಾಜಧಾನಿಯಿಂದ ಹೊರಟ ಹಡಗಿನ ಮಾದರಿ

ಬೆಂಗಳೂರು: ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ನಗರಕ್ಕೂ ಹಡಗಿಗೂ ನಂಟು ಕಡಿಮೆ. ಹಾಗಿದ್ದರೂ ಪದ್ಮನಾಭನಗರ, ಬನಶಂಕರಿ, ಜಯನಗರದಂತಹ ಬಡಾವಣೆಗಳ ಮನೆಗಳ ಗಾಜಿನ ಕಪಾಟುಗಳಲ್ಲಿ ಅಲ್ಲೊಂದು ಇಲ್ಲೊಂದು ಹಾಯಿಹಡಗಿನ ಮಾದರಿ ಕಾಣಸಿಗುವುದುಂಟು. ಕೆಲವರು ಸಿದ್ಧ ಮಾದರಿಯನ್ನು ಕೊಂಡು ತರುತ್ತಾರೆ. ಇನ್ನು ಕೆಲವರು ಹಳೆಯ ನಕ್ಷೆ ತರಿಸಿಕೊಂಡು, ತಿಂಗಳುಗಟ್ಟಲೆ ಕುಳಿತು, ಹಲಗೆಗೆ ಹಲಗೆ ಕೂಡಿಸಿ, ಹಗ್ಗದ ಗಂಟುಗಳನ್ನೂ ಬಿಡದೆ ನಿಜವಾದ ಹಡಗಿನ ಪ್ರತಿರೂಪವನ್ನು ಮೇಜಿನ ಮೇಲೆ ಕಟ್ಟುತ್ತಾರೆ. ಇಂದು ಅದು ಬಿಡುವಿನ ವೇಳೆಯ ಹವ್ಯಾಸ. ಇನ್ನೂರು ವರ್ಷಗಳಿಗೂ ಹಿಂದೆ ಇದೇ ಪ್ರಸ್ಥಭೂಮಿಯಲ್ಲಿ ಹಡಗಿನ ಮಾದರಿಯೆಂದರೆ ರಾಜಾಜ್ಞೆಯಾಗಿತ್ತು. ಆಜ್ಞೆ ಹೊರಡಿಸಿದವನು ಟಿಪ್ಪು ಸುಲ್ತಾನ್.

ಟಿಪ್ಪುವಿನ ಹೆಸರು ಹೇಳಿದೊಡನೆ ಕುದುರೆ, ಖಡ್ಗ, ರಾಕೆಟ್ಟು, ಹುಲಿ ನೆನಪಾಗುತ್ತವೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿರುವ ಪ್ರಸಿದ್ಧ ಚಿತ್ರವೂ ಪೊಲ್ಲಿಲೂರಿನ ಕಾಳಗದ್ದು; ಅದು ನೆಲದ ಮೇಲಿನ ಯುದ್ಧ. ಅವನನ್ನು ಹೊಗಳುವವರೂ ತೆಗಳುವವರೂ ಅವನ ಕಡಲಿನ ಕಡೆಗೆ ಕಣ್ಣು ಹಾಯಿಸುವುದು ಅಪರೂಪ. ಆದರೆ ಅವನ ಬಾಳಿನ ಉದ್ದಕ್ಕೂ ಸೋಲು ಬಂದ ದಾರಿಯನ್ನು ಗುರುತಿಸುತ್ತ ಹೋದರೆ ಆ ದಾರಿ ಮತ್ತೆ ಮತ್ತೆ ಸಮುದ್ರಕ್ಕೇ ಮುಟ್ಟುತ್ತದೆ. ಅದನ್ನು ಅವನು ಬಲ್ಲವನಾಗಿದ್ದನು. ಬಲ್ಲವನಾಗಿದ್ದೂ ಆ ಬಾಗಿಲನ್ನು ಮುಚ್ಚಲು ಅವನಿಗೆ ಸಾಧ್ಯವಾಗಲಿಲ್ಲ.

ಅಪ್ಪ ಕಟ್ಟಿದ ಪಡೆ

ಟಿಪ್ಪು ಹುಟ್ಟಿದ್ದು 1750ರಲ್ಲಿ, ಇಂದಿನ ಬೆಂಗಳೂರು ವಿಮಾನ ನಿಲ್ದಾಣದ ಸಮೀಪದ ದೇವನಹಳ್ಳಿಯಲ್ಲಿ. ಆಗ ಮೈಸೂರಿಗೆ ಸಮುದ್ರವೇ ಇರಲಿಲ್ಲ. 1763ರಲ್ಲಿ ಹೈದರ್ ಅಲಿ ಕೆಳದಿ ಅರಸರ ಬಿದನೂರನ್ನು ವಶಪಡಿಸಿಕೊಂಡಾಗ ಮಂಗಳೂರು, ಹೊನ್ನಾವರ ಮೊದಲಾದ ಬಂದರುಗಳು ಮೈಸೂರಿನ ಕೈಗೆ ಬಂದವು. ಘಟ್ಟದ ಮೇಲಿನ ರಾಜ್ಯಕ್ಕೆ ಹೀಗೆ ಕಡಲ ಬಾಗಿಲು ತೆರೆಯಿತು.

ಹೈದರನು ತಡಮಾಡಲಿಲ್ಲ. ಹಡಗು ಕಟ್ಟಿಸಿದನು, ಕಣ್ಣೂರಿನ ಅಲಿ ರಾಜನಿಗೆ ನೌಕಾಪಡೆಯ ಹೊಣೆ ಒಪ್ಪಿಸಿದನು. ಅಲಿ ರಾಜನು ಮಾಲ್ಡೀವ್ಸ್ ದ್ವೀಪಗಳ ಮೇಲೆ ದಂಡೆತ್ತಿ ಹೋಗಿ ಗೆದ್ದನಾದರೂ ಅಲ್ಲಿನ ಸುಲ್ತಾನನ ಕಣ್ಣು ಕೀಳಿಸಿದನು. ಸುದ್ದಿ ತಿಳಿದ ಹೈದರನು ಕುಪಿತನಾಗಿ ನೌಕಾಪಡೆಯನ್ನು ಅವನಿಂದ ಕಿತ್ತುಕೊಂಡನೆಂಬುದು ಇತಿಹಾಸಕಾರರು ದಾಖಲಿಸಿದ ಸಂಗತಿ. ಅನಂತರ ಆ ಸ್ಥಾನಕ್ಕೆ ಬಂದವರಲ್ಲಿ ಅಶ್ವದಳದ ಅಧಿಕಾರಿಯೂ ಒಬ್ಬ. ಕುದುರೆ ಹತ್ತಿ ಬಂದವನ ಕೈಕೆಳಗೆ ಹಡಗು ನಡೆಸಲು ನಾಯಕರಿಗೆ ಮನಸ್ಸಿರಲಿಲ್ಲ. 1768ರಲ್ಲಿ ಮುಂಬಯಿಯಿಂದ ಇಂಗ್ಲಿಷರ ಹಡಗುಗಳು ಬಂದಾಗ ಆ ನಾಯಕರು ಕಾದಾಡದೆಯೇ ಎದುರಾಳಿಯ ಪಕ್ಷ ಸೇರಿಕೊಂಡರು. ಮಂಗಳೂರು ಇಂಗ್ಲಿಷರ ವಶವಾಯಿತು.

ಅದನ್ನು ಮರಳಿ ಪಡೆಯಲು ಹೈದರನು ಮುಂದಾಗಿ ಕಳುಹಿದ್ದು ಹದಿಹರೆಯದ ಮಗನನ್ನು. ಅದೇ ವರ್ಷದ ಮೇ ತಿಂಗಳಲ್ಲಿ ಮಂಗಳೂರು ಮತ್ತೆ ಮೈಸೂರಿನದಾಯಿತು. ಇಂಗ್ಲಿಷರು ಹಡಗು ಹತ್ತಿ ಹೊರಟುಹೋದರು. ಟಿಪ್ಪುವಿನ ಮೊದಲ ಗೆಲುವುಗಳಲ್ಲಿ ಅದೂ ಒಂದು. ಶತ್ರುವನ್ನು ನೀರಿನವರೆಗೆ ಅಟ್ಟಬಹುದು, ನೀರಿನ ಆಚೆಗೆ ಅಟ್ಟಲಾಗದು ಎಂಬ ಪಾಠವೂ ಅಲ್ಲೇ ದೊರೆತಿರಬೇಕು.

ಹೈದರನು ಮತ್ತೊಮ್ಮೆ ಹಡಗು ಕಟ್ಟಿಸಿದನು. ಭಟ್ಕಳ, ಹೊನ್ನಾವರ, ಮಂಗಳೂರುಗಳಲ್ಲಿ ಕೆಲಸ ನಡೆಯಿತು. ಐರೋಪ್ಯ ಕುಶಲಿಗಳ ನೆರವೂ ಇತ್ತು. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಲಂಗರು ಹಾಕಿ ನಿಂತಿದ್ದ ಆ ಹಡಗುಗಳನ್ನು ನಾಶಮಾಡಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಷ್ಟೇ ಪೊಲ್ಲಿಲೂರಿನಲ್ಲಿ ಅಪ್ಪ ಮಗ ಸೇರಿ ಇಂಗ್ಲಿಷ್ ಪಡೆಯೊಂದನ್ನು ನಿರ್ನಾಮ ಮಾಡಿದ್ದರು. ಅರಮನೆಯ ಗೋಡೆಗೆ ಏರಿದ್ದು ಸೆಪ್ಟೆಂಬರಿನ ಗೆಲುವು. ಡಿಸೆಂಬರಿನ ಸೋಲಿಗೆ ಗೋಡೆ ಸಿಗಲಿಲ್ಲ.

ಮುತ್ತಿಗೆಯ ಎಂಟು ತಿಂಗಳು

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡನು. ಮಗ ಪಟ್ಟಕ್ಕೆ ಬರುತ್ತಿದ್ದಂತೆಯೇ ಜನರಲ್ ಮ್ಯಾಥ್ಯೂಸ್ ಸಮುದ್ರಮಾರ್ಗವಾಗಿ ಬಂದಿಳಿದು ಹೊನ್ನಾವರ, ಬಿದನೂರು, ಮಂಗಳೂರುಗಳನ್ನು ಹಿಡಿದನು. ಟಿಪ್ಪು ಪೂರ್ವದ ರಣರಂಗ ಬಿಟ್ಟು ಪಶ್ಚಿಮಕ್ಕೆ ಧಾವಿಸಬೇಕಾಯಿತು. 1783ರ ಏಪ್ರಿಲಿನಲ್ಲಿ ಬಿದನೂರು ಮರಳಿ ಬಂತು. ಮಂಗಳೂರು ಬರಲಿಲ್ಲ.

ಮೇ ತಿಂಗಳಲ್ಲಿ ಆರಂಭವಾದ ಮುತ್ತಿಗೆ ಮುಂದಿನ ಜನವರಿಯವರೆಗೆ ನಡೆಯಿತು. ಕೋಟೆಯೊಳಗೆ ಕರ್ನಲ್ ಕ್ಯಾಂಪ್‌ಬೆಲ್ ಹಾಗೂ ಸೀಮಿತ ಸಂಖ್ಯೆಯ ಸೈನಿಕರು. ಹೊರಗೆ ಸುಲ್ತಾನನ ಭಾರಿ ಸೇನೆ. ಮಳೆಗಾಲದ ಕರಾವಳಿಯಲ್ಲಿ ಕಂದಕಗಳು ಕೆಸರಾದವು, ರೋಗ ಹರಡಿತು. ಯುರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಶಾಂತಿಯಾದ ಸುದ್ದಿ ಬಂದೊಡನೆ ಜೊತೆಗಿದ್ದ ಫ್ರೆಂಚ್ ಪಡೆ ಹೋರಾಟದಿಂದ ಹಿಂದೆ ಸರಿಯಿತು. ನೆಲದ ಕಡೆಯಿಂದ ಎಷ್ಟೇ ಬಿಗಿಯಾಗಿ ಸುತ್ತುವರಿದರೂ ಕಡಲ ಕಡೆ ಬಯಲು. ಇಂಗ್ಲಿಷರ ಹಡಗುಗಳು ಬಂದಾಗ ಅವುಗಳನ್ನು ತಡೆಯಲು ಸುಲ್ತಾನನ ಬಳಿ ನೌಕೆಗಳಿರಲಿಲ್ಲ. ಕೋಟೆ ಕೊನೆಗೆ ಮಣಿದದ್ದು ಹಸಿವು ಮತ್ತು ರೋಗಕ್ಕೆ. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಭಾರತೀಯ ಅರಸನೊಬ್ಬ ಇಂಗ್ಲಿಷ್ ಕಂಪನಿಯೊಡನೆ ಸರಿಸಮನಾಗಿ ಮಾಡಿಕೊಂಡ ಕೊನೆಯ ಒಪ್ಪಂದಗಳಲ್ಲಿ ಅದೂ ಒಂದೆಂದು ಎಣಿಸಲಾಗಿದೆ.

ಆ ಗೆಲುವಿನ ಬೆನ್ನಿಗೇ ನಡೆದ ಒಂದು ಘಟನೆಯನ್ನು ಬಿಟ್ಟು ಕರಾವಳಿಯ ಕಥೆ ಹೇಳಲಾಗದು. ಯುದ್ಧಕಾಲದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ 1784ರಲ್ಲಿ ಕೆನರಾದ ಕ್ರೈಸ್ತರನ್ನು ಸಾಮೂಹಿಕವಾಗಿ ಬಂಧಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. ಸಂಖ್ಯೆಯ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಹತ್ತಾರು ಸಾವಿರವೆಂಬುದು ಹೆಚ್ಚಿನ ಆಕರಗಳ ಲೆಕ್ಕ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಉಳಿದವರು ಊರಿಗೆ ಮರಳಿದ್ದು 1799ರ ಬಳಿಕ. ಕೆಲವರ ಮೇಲಿನ ಶಂಕೆಗೆ ಇಡೀ ಸಮುದಾಯ ದಂಡ ತೆರಬೇಕಾದ ಈ ಪ್ರಸಂಗದ ನೆನಪು ಮಂಗಳೂರಿನ ಕುಟುಂಬಗಳಲ್ಲಿ ಇನ್ನೂ ಅಳಿದಿಲ್ಲ. ಕಡಲನ್ನು ಆಳಬೇಕೆಂದಿದ್ದ ಅರಸನು ಕಡಲತೀರದ ಜನರ ಒಂದು ದೊಡ್ಡ ಪಾಲಿನ ವಿಶ್ವಾಸವನ್ನೇ ಹೀಗೆ ಕಳೆದುಕೊಂಡಿದ್ದನು.

ಬೇರೆಯವರ ಹಡಗಿನಲ್ಲಿ ರಾಯಭಾರ

ಒಪ್ಪಂದದ ನಂತರದ ವರ್ಷಗಳಲ್ಲಿ ಟಿಪ್ಪುವಿನ ದೃಷ್ಟಿ ಸಾಗರದಾಚೆಗೆ ಹರಿಯಿತು. ಮಸ್ಕತ್ತಿನಲ್ಲಿ ವ್ಯಾಪಾರ ಕೋಠಿ ನಡೆಯುತ್ತಿತ್ತು. ಕರಾವಳಿಯ ಮೆಣಸು, ಏಲಕ್ಕಿ, ಗಂಧ, ಅಕ್ಕಿ ಅಲ್ಲಿಗೆ ಹೋಗುತ್ತಿದ್ದವು. ರೇಷ್ಮೆಹುಳು ತರಿಸುವ ಪ್ರಯತ್ನವೂ ಅದೇ ಮಾರ್ಗದಲ್ಲಿ ನಡೆಯಿತು.

1786ರ ಮಾರ್ಚಿನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ತುರ್ಕಿಯ ಸುಲ್ತಾನನಲ್ಲಿಗೆ ಹೊರಟ ರಾಯಭಾರಿಗಳು, ಪರಿವಾರ, ಸೈನಿಕರು, ಖಲಾಸಿಗಳೆಂದು ಸುಮಾರು ಒಂಬೈನೂರು ಮಂದಿ ಅವುಗಳಲ್ಲಿದ್ದರು. ಪಯಣದ ವೆಚ್ಚಕ್ಕಾಗಿ ಮಾರಲು ಸರಕನ್ನೂ ತುಂಬಲಾಗಿತ್ತು. ಮಂಗಳೂರನ್ನು ತುರ್ಕರಿಗೆ ಬಿಟ್ಟುಕೊಟ್ಟು, ಬದಲಿಗೆ ಬಸ್ರಾ ಬಂದರನ್ನು ಪಡೆಯುವ ಪ್ರಸ್ತಾಪವೂ ರಾಯಭಾರಿಗಳ ಕೈಯಲ್ಲಿತ್ತು. ಆ ಯಾತ್ರೆಯ ದಿನಚರಿಯನ್ನು ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ಪಾರ್ಸಿಯಲ್ಲಿ ಬರೆದಿಟ್ಟಿದ್ದಾನೆ. ಅದು ಸಂಕಷ್ಟಗಳ ಸರಮಾಲೆ. ಬಿರುಗಾಳಿ, ಬೆಂಕಿ, ಕಾಯಿಲೆ, ಚಳಿ ಒಂದಾದ ಮೇಲೊಂದು ಎರಗಿದವು. ಹಡಗುಗಳು ನಷ್ಟವಾದವು. ಹೊರಟ ಒಂಬೈನೂರರಲ್ಲಿ ಊರು ಕಂಡವರು ನೂರಕ್ಕಿಂತ ಕಡಿಮೆ.

ಫ್ರಾನ್ಸಿಗೆ ಹೋದ ಮೂವರು ರಾಯಭಾರಿಗಳಿಗೆ ಇಷ್ಟು ದುರ್ಗತಿ ಒದಗಲಿಲ್ಲ. ಆದರೆ ಅವರು ಹೋದದ್ದು ಫ್ರೆಂಚರ ಹಡಗಿನಲ್ಲಿ. 1787ರ ಜುಲೈಯಲ್ಲಿ ಪಾಂಡಿಚೇರಿಯಿಂದ ಹೊರಟವರು 1788ರ ಜೂನ್‌ನಲ್ಲಿ ಟೂಲೋನ್ ತಲುಪಿದರು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಹಿಂದಿರುಗಲು ಹಡಗು ಹತ್ತಿದ್ದು ಬ್ರೆಸ್ಟ್‌ನಲ್ಲಿ. ಟೂಲೋನ್ ಮತ್ತು ಬ್ರೆಸ್ಟ್ ಫ್ರಾನ್ಸಿನ ಅತಿ ದೊಡ್ಡ ನೌಕಾನೆಲೆಗಳು. ಮೈಸೂರಿನ ಪ್ರಜೆಗಳು ಅಂದಿನ ಜಗತ್ತಿನ ದೊಡ್ಡ ಹಡಗುಕಟ್ಟೆಗಳೆರಡನ್ನು ಕಂಡು ಬಂದರು. ಅವರೊಡನೆ ಕುಶಲಕರ್ಮಿಗಳು, ಗಿಡಗಳ ಬೀಜಗಳು ಬಂದವು. ಫ್ರೆಂಚ್ ಯುದ್ಧನೌಕೆಗಳು ಮಾತ್ರ ಬರಲಿಲ್ಲ. ಮರುವರ್ಷ ಫ್ರಾನ್ಸಿನಲ್ಲಿ ಕ್ರಾಂತಿ ಸ್ಫೋಟಿಸಿತು.

ಮೂರನೆಯ ಮೈಸೂರು ಯುದ್ಧದಲ್ಲಿ ಮುಂಬಯಿಯ ಇಂಗ್ಲಿಷ್ ಪಡೆ ಮಲಬಾರಿನ ತೀರವನ್ನು ಕಿತ್ತುಕೊಂಡಿತು. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಕಾರ್ನ್‌ವಾಲಿಸನಿಗೆ ಬಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದ ಅರ್ಧ ರಾಜ್ಯವನ್ನೂ, 3 ಕೋಟಿ 30 ಲಕ್ಷ ರೂಪಾಯಿಗಳನ್ನೂ, ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಕೇಳಿತು. ಮಲಬಾರಿನ ಬಂದರುಗಳು ಹೋದವು. ಸುಲ್ತಾನನಿಗೆ ಉಳಿದದ್ದು ಮಂಗಳೂರಿನಿಂದ ಕಾರವಾರದ ಕಡೆಗಿನ ಕೆನರಾ ಕರಾವಳಿ.

ಮಾದರಿ ಮತ್ತು ಆಜ್ಞಾಪತ್ರ

ಅರ್ಧ ರಾಜ್ಯ ಕಳೆದುಕೊಂಡ ಅರಸ ಇರುವುದನ್ನು ಉಳಿಸಿಕೊಂಡು ಸುಮ್ಮನಿರುತ್ತಾನೆಂದು ಯಾರಾದರೂ ಊಹಿಸಿದ್ದರೆ ಆ ಊಹೆ ತಪ್ಪಾಯಿತು. ಅವನ ಅತ್ಯಂತ ದೊಡ್ಡ ನೌಕಾ ಯೋಜನೆ ರೂಪುಗೊಂಡದ್ದು ಸೋಲಿನ ನಂತರವೇ.

ಅದುವರೆಗೆ ಹಡಗಿನ ವ್ಯವಹಾರ ವ್ಯಾಪಾರ ಇಲಾಖೆಯ ಒಂದು ಭಾಗವಾಗಿತ್ತು. 1796ರಲ್ಲಿ ಅದನ್ನು ಬೇರ್ಪಡಿಸಿ ಪ್ರತ್ಯೇಕ ನೌಕಾ ಇಲಾಖೆಯನ್ನು ಸ್ಥಾಪಿಸಲಾಯಿತು. ಮೇಲ್ವಿಚಾರಣೆಗೆ ಮೀರ್ ಯಮ್ ಎಂಬ ಪದವಿಯ 11 ಮಂದಿ. ಅವರ ಕೆಳಗೆ ಹಡಗುಗಳೊಡನೆ ಸಮುದ್ರಕ್ಕೆ ಇಳಿಯಬೇಕಾದ ಮೀರ್ ಬಹರ್ ಎಂಬ 30 ಮಂದಿ ನಾಯಕರು. ಕಟ್ಟಬೇಕಾದ ಹಡಗುಗಳು 40: ಯುದ್ಧಸಾಲಿನಲ್ಲಿ ನಿಲ್ಲಬಲ್ಲ ದೊಡ್ಡ ನೌಕೆಗಳು 20, ವೇಗದ ಫ್ರಿಗೇಟುಗಳು 20. ದೊಡ್ಡವುಗಳಲ್ಲಿ 72 ಫಿರಂಗಿಗಳ ವರ್ಗವೂ ಸೇರಿತ್ತು. ಖಲಾಸಿಗಳ ಸಂಖ್ಯೆ ಹತ್ತು ಸಾವಿರವನ್ನು ಮೀರುತ್ತಿತ್ತು. ಮಂಗಳೂರು, ಮಿರ್ಜಾನಿನ ಅಳಿವೆ, ಕಾಳಿ ನದಿಯ ಮುಖದ ಸದಾಶಿವಗಡ ಹಡಗುಕಟ್ಟುವ ಕೇಂದ್ರಗಳಾದವು. ತಳಕ್ಕೆ ತಾಮ್ರದ ತಗಡು ಹೊದಿಸಬೇಕೆಂಬ ಸೂಚನೆಯೂ ಇತ್ತು. ಬೆಚ್ಚನೆಯ ಸಮುದ್ರದಲ್ಲಿ ಮರವನ್ನು ಕೊರೆದು ತಿನ್ನುವ ಹುಳುಗಳಿಗೆ ತಾಮ್ರವೇ ಮದ್ದೆಂದು ಬ್ರಿಟಿಷ್ ನೌಕಾಪಡೆ ಇಡೀ ಪಡೆಗೆ ತಾಮ್ರ ಹೊದಿಸಲು ಹೊರಟದ್ದು 1779ರ ಸುಮಾರಿಗೆ. ಮೈಸೂರು ಆ ವಿದ್ಯೆಗೆ ಹೆಚ್ಚು ಹಿಂದೆ ಬಿದ್ದಿರಲಿಲ್ಲ.

ಹಡಗಿನ ಆಕಾರ ಹೇಗಿರಬೇಕು ಎಂಬುದನ್ನು ಅರಸನು ಆಚಾರಿಗಳ ಇಚ್ಛೆಗೆ ಬಿಡಲಿಲ್ಲ. ಮಾದರಿಯನ್ನು ತಾನೇ ಒದಗಿಸಿ ಅದರಂತೆಯೇ ಕಟ್ಟಬೇಕೆಂದು ವಿಧಿಸಿದನು.

ಇದು ವಿಲಕ್ಷಣವೇನಲ್ಲ. ಹದಿನೇಳನೆಯ ಶತಮಾನದಿಂದಲೂ ಇಂಗ್ಲೆಂಡಿನ ನೌಕಾ ಮಂಡಳಿಯ ಹಡಗುಗಳಿಗೆ ಮಾದರಿಗಳು ತಯಾರಾಗುತ್ತಿದ್ದವು. ನಿಜವಾದ ಒಂದು ಅಡಿಗೆ ಮಾದರಿಯಲ್ಲಿ ಕಾಲು ಅಂಗುಲ, ಅಂದರೆ ನಲವತ್ತೆಂಟರಲ್ಲಿ ಒಂದು ಪಾಲು. ಒಡಲಿನ ಕೆಳಭಾಗಕ್ಕೆ ಹಲಗೆ ಹೊಡೆಯದೆ ಪಕ್ಕೆಮರಗಳು ಕಾಣುವಂತೆ ಬಿಡುತ್ತಿದ್ದರು. ಫ್ರಾನ್ಸಿನಲ್ಲಿ ದುಹಾಮೆಲ್ ದು ಮೊನ್ಸೋ ಎಂಬ ವಿದ್ವಾಂಸನು ತಾನು ಕೂಡಿಹಾಕಿದ್ದ ಹಡಗು ಮಾದರಿಗಳನ್ನು 1748ರಲ್ಲಿ ಅರಸನಿಗೆ ಅರ್ಪಿಸಿದನು. ಲೂವ್ರ್ ಅರಮನೆಯಲ್ಲಿ ಇರಿಸಿದ ಅವುಗಳನ್ನು ನೋಡಿ ಮುಂದಿನ ಹಡಗುಶಿಲ್ಪಿಗಳು ಕಲಿಯುತ್ತಿದ್ದರು. ಕಾಗದದ ನಕ್ಷೆ ಓದಲು ಶಿಕ್ಷಣ ಬೇಕು. ಮಾದರಿಯನ್ನಾದರೆ ಯಾವ ನಾಡಿನ ಬಡಗಿಯೂ ಕೈಯಲ್ಲಿ ಹಿಡಿದು, ತಿರುಗಿಸಿ, ಕೈವಾರದಿಂದ ಅಳೆದು, ಅದನ್ನು ಗುಣಿಸಿ ಮರಕ್ಕೆ ಇಳಿಸಬಲ್ಲ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದಕ್ಕೆ ವಿಶೇಷ ಅರ್ಥವಿತ್ತು. ಇಲ್ಲಿನ ಆಚಾರಿಗಳು ಪತ್ತೆಮಾರಿ, ಮಚುವೆಗಳನ್ನು ನಕ್ಷೆಯಿಲ್ಲದೆ ಕಣ್ಣಳತೆ, ನೆನಪು, ಗುರುವಿನಿಂದ ಬಂದ ಲೆಕ್ಕಗಳ ಬಲದಿಂದ ಕಟ್ಟುತ್ತಿದ್ದರು. ಮೊದಲು ಹಲಗೆಗಳ ಚಿಪ್ಪು, ಅನಂತರ ಒಳಗಿನ ಪಕ್ಕೆಮರ ಎಂಬುದು ಅನೇಕ ಕಡೆಗಳ ಕ್ರಮ. ಯುರೋಪಿನ ಯುದ್ಧನೌಕೆಯಲ್ಲಿ ಮೊದಲು ಅಸ್ಥಿಪಂಜರ, ಆಮೇಲೆ ಚರ್ಮ. ಎರಡು ಬೇರೆ ಬೇರೆ ವಿದ್ಯೆಗಳು. ಒಂದರ ಕೈಗಳಿಂದ ಇನ್ನೊಂದರ ಹಡಗು ಕಟ್ಟಿಸಲು ಶ್ರೀರಂಗಪಟ್ಟಣದಲ್ಲಿ ಕುಳಿತ ಅರಸನಿಗೆ ಮಾದರಿಗಿಂತ ಸ್ಪಷ್ಟವಾದ ಭಾಷೆ ದೊರೆಯುವಂತಿರಲಿಲ್ಲ. ಸಮುದ್ರ ಅವನಿಂದ ಸುಮಾರು 250 ಕಿಲೋಮೀಟರ್ ದೂರವಿತ್ತು, ನಡುವೆ ಘಟ್ಟ.

ಯಂತ್ರ ಮತ್ತು ಮಾದರಿಗಳಲ್ಲಿ ಅವನಿಗಿದ್ದ ಆಸಕ್ತಿ ಹೊಸದಲ್ಲ. ಸೈನಿಕನ ಮೇಲೆ ಎರಗಿ ಗರ್ಜಿಸುವ ಮರದ ಯಂತ್ರಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರಗಳಲ್ಲಿ ತಾರಾಮಂಡಲವೆಂಬ ಕಾರ್ಖಾನೆಗಳು ನಡೆಯುತ್ತಿದ್ದವು. ಕಂಡದ್ದನ್ನು ತರಿಸು, ಬಿಚ್ಚಿ ನೋಡು, ಅದರಂತೆ ಮಾಡಿಸು ಎಂಬುದು ಅವನ ಆಡಳಿತದ ಒಂದು ಕ್ರಮವೇ ಆಗಿತ್ತು. ಬಂದೂಕು, ಕಾಗದ, ಗಡಿಯಾರಗಳ ವಿಷಯದಲ್ಲಿ ಅದು ಫಲ ಕೊಟ್ಟಿತು. ಹಡಗು ಬೇರೆ ಜಾತಿಯ ವಸ್ತು.

ಏಕೆಂದರೆ ಮಾದರಿ ಹೇಳದ ಸಂಗತಿಗಳು ಅನೇಕ. ಉದ್ದ, ಅಗಲ, ಎತ್ತರ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಮೇಜಿನ ಮೇಲೆ ಗಟ್ಟಿಯಾಗಿ ನಿಂತ ಕೂವೆಮರ ಸಮುದ್ರದಲ್ಲಿ ಮುರಿಯಬಹುದು. ಫಿರಂಗಿಗಳ ಭಾರ ಎಷ್ಟು ಎತ್ತರದಲ್ಲಿ ಕೂರುತ್ತದೆ, ಅದಕ್ಕೆ ಸರಿದೂಗಲು ತಳದಲ್ಲಿ ಎಷ್ಟು ಕಲ್ಲು ತುಂಬಬೇಕು ಎಂಬುದಕ್ಕೆ ಅನುಭವವೇ ಗುರು. ಸ್ವೀಡನ್ನಿನ ಅರಸ ಗುಸ್ತಾವ್ ಅಡಾಲ್ಫ್ ಆಸೆಪಟ್ಟು ಕಟ್ಟಿಸಿದ ವಾಸಾ ಎಂಬ ಭಾರಿ ಯುದ್ಧನೌಕೆ 1628ರಲ್ಲಿ ಮೊದಲ ಯಾನದಲ್ಲೇ, ದಡ ಕಾಣುತ್ತಿರುವಾಗಲೇ, ಮಗುಚಿ ಮುಳುಗಿತು. ಶತಮಾನಗಳ ಹಡಗು ಪರಂಪರೆಯಿದ್ದ ನಾಡಿನ ಕಥೆಯೇ ಹಾಗಾದರೆ ಮೈಸೂರಿನ ಸಾಹಸದ ಗಾತ್ರವನ್ನು ಊಹಿಸಬಹುದು.

ಕರಾವಳಿಯ ಸ್ವಭಾವವೂ ಅನುಕೂಲವಾಗಿರಲಿಲ್ಲ. ಕೆನರಾದ ಹಳೆಯ ಬಂದರುಗಳೆಲ್ಲ ನದಿಮುಖಗಳು. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ. ದೊಡ್ಡ ಹಡಗುಗಳು ಒಳಗೆ ಬಾರದೆ ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು. ಮಂಗಳೂರಿಗೆ ಆಳವಾದ ಸರ್ವಋತು ಬಂದರು ದೊರೆತದ್ದೇ 1970ರ ದಶಕದಲ್ಲಿ, ಪಣಂಬೂರಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಕಡಲನ್ನೇ ಮುಚ್ಚಿಬಿಡುತ್ತಿತ್ತು. ಮರಕ್ಕೆ ಕೊರತೆಯಿರಲಿಲ್ಲ ಎಂಬುದೊಂದೇ ಸಮಾಧಾನ. ಘಟ್ಟದ ಕಾಡಿನಲ್ಲಿ ತೇಗ ಧಾರಾಳವಾಗಿತ್ತು, ಕಡಿದ ದಿಮ್ಮಿಯನ್ನು ಹೊಳೆಯಲ್ಲಿ ತೇಲಿಬಿಟ್ಟರೆ ಅಳಿವೆಯವರೆಗೆ ತಾನೇ ಬರುತ್ತಿತ್ತು. ಆದರೆ 74 ಫಿರಂಗಿಗಳ ಒಂದು ಹಡಗಿಗೆ ಇಂಗ್ಲೆಂಡಿನಲ್ಲಿ ಎರಡು ಸಾವಿರದಷ್ಟು ಓಕ್ ಮರಗಳು ಬೇಕಾಗುತ್ತಿದ್ದವೆಂಬ ಅಂದಾಜಿದೆ. ಅದನ್ನು ನಡೆಸಲು ಐನೂರು ಆರುನೂರು ಪಳಗಿದ ನಾವಿಕರು ಬೇಕು. ಮರವನ್ನು ಕಡಿದು ತರಬಹುದು, ಆಚಾರಿಗೆ ಮಾದರಿ ಕೊಡಬಹುದು. ಬಿರುಗಾಳಿಯಲ್ಲಿ ಹಾಯಿ ಇಳಿಸಬಲ್ಲ ಹತ್ತು ಸಾವಿರ ಖಲಾಸಿಗಳನ್ನು ಆಜ್ಞಾಪತ್ರದಿಂದ ಸೃಷ್ಟಿಸಲಾಗದು. ಅದಕ್ಕೆ ತಲೆಮಾರುಗಳು ಬೇಕು. ಟಿಪ್ಪುವಿನ ಬಳಿ ಇದ್ದದ್ದು ಮೂರು ವರ್ಷ.

ಕೊನೆಯ ಯುದ್ಧ

1797ರಲ್ಲಿ ರಿಪೋ ಎಂಬ ಫ್ರೆಂಚ್ ಕಡಲುಗಳ್ಳ ನಾವಿಕನು ಜಖಂಗೊಂಡ ಹಡಗಿನೊಡನೆ ಮಂಗಳೂರಿಗೆ ಬಂದನು. ಅವನ ಮಾತನ್ನು ನಂಬಿ ಟಿಪ್ಪು ಮಾರಿಷಸ್ ದ್ವೀಪಕ್ಕೆ ದೂತರನ್ನು ಕಳುಹಿದನು. ಗುಟ್ಟಾಗಿ ನಡೆಯಬೇಕಿದ್ದ ಮಾತುಕತೆಯನ್ನು ಅಲ್ಲಿನ ಗವರ್ನರ್ ಮಲಾರ್ಟಿಕ್ 1798ರ ಜನವರಿಯಲ್ಲಿ ಪ್ರಕಟಣೆ ಹೊರಡಿಸಿ ಬಯಲು ಮಾಡಿದನು. ಏಪ್ರಿಲ್‌ನಲ್ಲಿ ಫ್ರೆಂಚ್ ಫ್ರಿಗೇಟೊಂದು ದೂತರನ್ನು ಮಂಗಳೂರಿನಲ್ಲಿ ಇಳಿಸಿದಾಗ ಜೊತೆಗೆ ಬಂದ ಸ್ವಯಂಸೇವಕರು ಹೆಚ್ಚೆಂದರೆ ನೂರು ಮಂದಿ. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಾಗಿದ್ದ ನೆಪ ಮಾತ್ರ ಸಂಪೂರ್ಣವಾಗಿ ದೊರೆಯಿತು.

ಅದೇ ವರ್ಷ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದನು. ಆಗಸ್ಟ್ 1ರಂದು ನೈಲ್ ನದಿಯ ಮುಖದಲ್ಲಿ ನೆಲ್ಸನ್ ಅವನ ನೌಕಾಪಡೆಯನ್ನು ಧ್ವಂಸ ಮಾಡಿದನು. 1799ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಬರೆದ ಪತ್ರ ಇಂಗ್ಲಿಷರ ಕೈಗೆ ಸಿಕ್ಕಿತು. ಪತ್ರವೊಂದು ದಾಟಿ ಬರಲೂ ಕಡಲು ಬಿಡಲಿಲ್ಲ.

ಕೊನೆಯ ಯುದ್ಧದಲ್ಲಿ ಮದರಾಸಿನಿಂದ ಜನರಲ್ ಹ್ಯಾರಿಸ್ ನೆಲಮಾರ್ಗವಾಗಿ ಬಂದನು. ಮುಂಬಯಿ ಸೇನೆ ಕಣ್ಣೂರಿನಲ್ಲಿ ನೆರೆದು, ಕೊಡಗಿನ ಘಟ್ಟ ಹತ್ತಿ ಬಂದಿತು. ಕಣ್ಣೂರು ಒಂದು ಕಾಲಕ್ಕೆ ಹೈದರನ ನೌಕಾಧಿಪತಿಯ ಊರು. ಟಿಪ್ಪು ಮಾರ್ಚ್ 6ರಂದು ಸಿದ್ದೇಶ್ವರದ ಬಳಿ ಈ ಸೇನೆಯನ್ನು ತಡೆಯಲು ಯತ್ನಿಸಿ ವಿಫಲನಾದನು. ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಅರಸನು ಹೋರಾಡುತ್ತಲೇ ಸತ್ತನು. 40 ಹಡಗುಗಳ ಆ ಪಡೆ ಸಮುದ್ರಕ್ಕೆ ಇಳಿಯಲೇ ಇಲ್ಲ. ಅರಮನೆಯಿಂದ ವಶಪಡಿಸಿಕೊಂಡ ಕಾಗದಪತ್ರಗಳಲ್ಲಿ ಅದರ ನಿಯಮಾವಳಿ ಉಳಿಯಿತು. ಕರ್ನಲ್ ಕಿರ್ಕ್‌ಪ್ಯಾಟ್ರಿಕ್ 1811ರಲ್ಲಿ ಸುಲ್ತಾನನ ಆಯ್ದ ಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸಿ ಲಂಡನ್ನಿನಲ್ಲಿ ಪ್ರಕಟಿಸಿದನು. ಶತ್ರುವಿನ ಆಡಳಿತವನ್ನು ಹಳಿಯುವುದು ಅವನ ಉದ್ದೇಶಗಳಲ್ಲೊಂದಾಗಿತ್ತು. ಆದರೂ ಟಿಪ್ಪುವಿನ ಹಡಗುಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಬಂದದ್ದು ಆ ಪುಸ್ತಕದಿಂದಲೇ.

ತೇಗದ ದಾರಿ

ಹೊಸದಾಗಿ ದಕ್ಕಿದ ನಾಡನ್ನು ಸಮೀಕ್ಷಿಸಲು ಕಂಪನಿ ಸರ್ಕಾರ ಡಾ. ಫ್ರಾನ್ಸಿಸ್ ಬುಕಾನನ್‌ನನ್ನು 1800ರಲ್ಲಿ ನೇಮಿಸಿತು. ಹೊನ್ನಾವರಕ್ಕೆ ಬಂದ ಅವನು ಹೈದರನು ಅಲ್ಲಿ ಯುದ್ಧನೌಕೆಗಳಿಗಾಗಿ ಮಾಡಿಸಿದ್ದ ಹಡಗುಕಟ್ಟೆಯ ವಿಷಯವನ್ನೂ, ಶರಾವತಿಯ ನೀರಿನಲ್ಲಿ ಮುಳುಗಿ ಬಿದ್ದಿದ್ದ ಹಡಗುಗಳ ಅವಶೇಷಗಳನ್ನೂ ದಾಖಲಿಸಿದ್ದಾನೆ.

ಘಟ್ಟದ ತೇಗಕ್ಕೆ ಹೊಸ ಒಡೆಯ ಸಿಕ್ಕಿದನು. 1806ರಲ್ಲಿ ಕಂಪನಿಯು ಮಲಬಾರ್ ಮತ್ತು ತಿರುವಾಂಕೂರು ಕಾಡುಗಳಿಗೆ ಕ್ಯಾಪ್ಟನ್ ವ್ಯಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. ಸಂರಕ್ಷಣೆ ಎಂದರೆ ಆಗ ನೌಕಾಪಡೆಗೆ ತೇಗದ ಸರಬರಾಜು ಎಂದೇ ಅರ್ಥ. ಮರ ಹೋದದ್ದು ಮುಂಬಯಿಯ ಹಡಗುಕಟ್ಟೆಗೆ. ಅಲ್ಲಿ ಸೂರತ್ತಿನಿಂದ 1736ರಲ್ಲಿ ಬಂದ ಲವ್ಜಿ ನಸರವಾನ್‌ಜಿ ವಾಡಿಯಾನ ವಂಶಸ್ಥರು ತಲೆಮಾರುಗಳಿಂದ ಹಡಗು ಕಟ್ಟುತ್ತಿದ್ದರು. ಮೈಸೂರಿಗೆ ದೊರೆಯದೆ ಹೋದ ಆ ತಲೆಮಾರುಗಳ ಅನುಭವ ಅವರಲ್ಲಿತ್ತು.

ಮೊಮ್ಮಗ ಜಮ್ಷೆಟ್‌ಜಿ ಬೊಮನ್‌ಜಿ ವಾಡಿಯಾನ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಗೆಂದೇ ಯುದ್ಧನೌಕೆಗಳು ಅಲ್ಲಿ ಸಿದ್ಧವಾದವು. ಅವುಗಳಲ್ಲೊಂದು ಟ್ರಿಂಕೋಮಲಿ ಎಂಬ ಫ್ರಿಗೇಟು. ಅದರ ನಕ್ಷೆಗಳನ್ನು ಇಂಗ್ಲೆಂಡಿನಿಂದ ಜಾವಾ ಎಂಬ ಹಡಗಿನಲ್ಲಿ ಕಳುಹಿಸಲಾಗಿತ್ತು. 1812ರ ಡಿಸೆಂಬರಿನಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ನೌಕೆಯೊಡನೆ ನಡೆದ ಕಾಳಗದಲ್ಲಿ ಜಾವಾ ನಾಶವಾಯಿತು, ನಕ್ಷೆಗಳೂ ಅದರೊಡನೆ ಹೋದವು. ಮತ್ತೊಂದು ಪ್ರತಿ ಮರುವರ್ಷ ಕಳುಹಿಸಿದರು. ಕಳೆದ ನಕ್ಷೆಗೆ ಬದಲಿ ಕಳುಹಿಸಿ ಕಾಯುವಷ್ಟು ವ್ಯವಧಾನ, ಹಣ, ಹಡಗುಗಳು ಅವರಲ್ಲಿದ್ದವು.

ಟ್ರಿಂಕೋಮಲಿ 1817ರ ಅಕ್ಟೋಬರ್ 12ರಂದು ಮುಂಬಯಿಯಲ್ಲಿ ನೀರಿಗಿಳಿಯಿತು. ಪಶ್ಚಿಮ ಘಟ್ಟದ ತೇಗದಿಂದ ಕಟ್ಟಿದ ಆ ಹಡಗು ಇನ್ನೂರು ವರ್ಷ ದಾಟಿಯೂ ತೇಲುತ್ತಿದೆ. ಇಂಗ್ಲೆಂಡಿನ ಈಶಾನ್ಯ ತೀರದ ಹಾರ್ಟ್ಲ್‌ಪೂಲ್ ಪಟ್ಟಣದಲ್ಲಿ ಅದು ವಸ್ತುಸಂಗ್ರಹಾಲಯವಾಗಿ ನಿಂತಿದೆ. ಹಾಯಿಹಡಗಿನ ಮಾದರಿ ಕಟ್ಟುವವರು ಅದನ್ನು ಅಳೆದು ನೋಡಿ ಬರಬಹುದು.